ಉಪ್ಪು ಒಂದೇ

ಬೆಳಿಗ್ಗೆ ಐದಕ್ಕೆ ಮಲ್ಪೆ ಬಂದರಿನಲ್ಲಿ
ಬುಟ್ಟಿ ಇಳಿಸಿ ಕೂರುವವಳು ನಾನು.
ಕಿವಿರು ಎತ್ತಿ ನೋಡಿ ಹೇಳಬಲ್ಲೆ
ಯಾವ ಬಂಗುಡೆ ಇವತ್ತಿನದು, ಯಾವುದು ಮೊನ್ನೆಯದು,
ಯಾವುದು ಐಸಿನಲ್ಲಿ ಮಲಗಿ ಪ್ರಾಯ ಅಡಗಿಸಿದ್ದು.
ಗಂಡನ ಚೀಲದ ಅಡಿಯಲ್ಲಿ ಸಿಕ್ಕ ನಾಲ್ಕು ಗುಳಿಗೆ ಮಾತ್ರ
ಎತ್ತ ತಿರುಗಿಸಿದರೂ ತಿಳಿಯಲಿಲ್ಲ.

ಮಿಂಚುವ ಡಬ್ಬಿ. ಹೆಸರಿನ ಮೇಲೆ ಬೆರಳಿಟ್ಟರೆ
ಉಬ್ಬು ತಾಗುತ್ತದೆ, ಮದುವೆ ಕಾಗದದ ಹಾಗೆ.
ಒಳಗೆ ನಾಲ್ಕು ಮಡಿಕೆಯ ಬಿಲ್ಲು:
ಮಂಗಳೂರು, ಹಂಪನಕಟ್ಟೆ.
ಎರಡು ಸಾವಿರದ ಮೇಲೆ ಚಿಲ್ಲರೆ.

ಓಹೋ, ಅದಕ್ಕೇ
ತಿಂಗಳಿಗೊಮ್ಮೆ ಬಲೆಯ ನೂಲು ತರಲಿಕ್ಕೆಂದು
ಎಕ್ಸ್‌ಪ್ರೆಸ್ ಬಸ್ಸು ಹತ್ತುವುದು,
ನೂಲು ಮನೆ ಹತ್ತಿರವೇ ಸಿಗುವಾಗ!
ಇಲ್ಲಿ ಅವನು ತಾಂಡೇಲ ದೂಮಣ್ಣ,
ಗಾಳಿ ಏಳುವ ಮೊದಲೇ ಬೋಟು ತಿರುಗಿಸುವವ.
ಅಲ್ಲಿ ಯಾರ ಮಗ, ಯಾರ ಗಂಡ,
ಕೇಳುವವರಿಲ್ಲ.

ಡಬ್ಬಿ ಸೆರಗಲ್ಲಿ ಕಟ್ಟಿ ಫ್ಲಾವಿಯಾಳ ಅಂಗಡಿಗೆ ಹೋದೆ.
ಕಲ್ಯಾಣಪುರದ ಹುಡುಗಿ, ಶುಕ್ರವಾರ ತಪ್ಪದೆ ನನ್ನಲ್ಲೇ ಮೀನು.
ಕೆಮ್ಮಿನ ಔಷಧಿಯವ ಹೋಗುವವರೆಗೆ ನಿಂತು
ಮೇಜಿನ ಮೇಲಿಟ್ಟೆ.
ಅವಳು ನಗಲಿಲ್ಲ.
“ಇದೇ ಸಾಲ್ಟು ಬೇರೆ ಕಂಪನಿಯದು ಉಂಟು ಅಕ್ಕ.
ನಾಲ್ಕಕ್ಕೆ ಎಪ್ಪತ್ತು ರೂಪಾಯಿ.”
ಸಾಲ್ಟು ಅಂದರೆ?
“ಉಪ್ಪು. ಮದ್ದಿನೊಳಗಿನ ಅಸಲು ಮದ್ದು.
ಹೆಸರು ಬೇರೆ, ಡಬ್ಬಿ ಬೇರೆ, ಉಪ್ಪು ಒಂದೇ.”

ಮೂವತ್ತು ವರ್ಷ ಮೀನಿಗೆ ಉಪ್ಪು ಬಳಿದ ಕೈ ಇದು,
ನನಗೆ ಉಪ್ಪಿನ ಪಾಠ!
ಆದರೂ ಒಪ್ಪಬೇಕಾದ ಮಾತೇ.
ನನ್ನ ಬುಟ್ಟಿಯ ಅಂಜಲ್ ಹೋಟೆಲಿಗೆ ಹೋಗಿ
ಪಕ್ಕದಲ್ಲೊಂದು ಲಿಂಬೆ ಹೋಳು ಇಟ್ಟುಕೊಂಡರೆ
ತುಂಡಿಗೆ ಎಷ್ಟು ಅಂತ ನನಗೇ ಕೇಳಲು ಹೆದರಿಕೆ.
ಕಡಲು ಅದೇ. ಮುಳ್ಳೂ ಅದೇ.

“ಎದೆನೋವಿಗೆ ನಾಲಗೆ ಅಡಿ ಇಡುವ ಗುಳಿಗೆ ಉಂಟಾ ಅವರಿಗೆ?
ಇದ್ದರೆ ಇದೂ ಬೇಡ, ಅದೂ ಬೇಡ, ಜೀವಕ್ಕೆ ಅಪಾಯ.
ಡಾಕ್ಟರ ಚೀಟಿ ತನ್ನಿ, ಅಗ್ಗದ್ದಕ್ಕೂ ಅದೇ ನಿಯಮ.”
ಎದೆನೋವಿಲ್ಲ. ಸಕ್ಕರೆ ಉಂಟು, ಹನ್ನೊಂದು ವರ್ಷದ್ದು.
ಮತ್ತೆ ಹಟ. ಅದಕ್ಕೆ ಲೆಕ್ಕ ಇಟ್ಟವರಿಲ್ಲ.

ಸಕ್ಕರೆ ನೋಡಿಸುವ ನೆವದಲ್ಲಿ ಡಾಕ್ಟರ ಮುಂದೆ ಕೂರಿಸಿದೆ,
ಉಳಿದದ್ದನ್ನು ಅವರ ಕಿವಿಗೆ ಮೊದಲೇ ಹಾಕಿ.
ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬಂದ.
“ಅಗ್ಗದ್ದು ಹಿಡಿಯುವುದಿಲ್ಲ ಮಾರಾಯ್ತಿ.
ಒಳ್ಳೆಯ ಇಂಜಿನಿಗೆ ಕಲಬೆರಕೆ ಡೀಸೆಲ್ ಹಾಕ್ತಾರಾ?”
ಇಂಜಿನು ಯಾವ ಕಾಲದ್ದೆಂದು
ನಾನು ಕೇಳಲಿಲ್ಲ.

ಜೂನು. ಬೋಟುಗಳೆಲ್ಲ ದಕ್ಕೆಯಲ್ಲಿ ಭುಜಕ್ಕೆ ಭುಜ ಒತ್ತಿ ನಿಂತಿವೆ,
ಗಂಡಸರೆಲ್ಲ ಮನೆಯಲ್ಲಿ.
ಊಟವಾದ ಮೇಲೆ ಸಾದಾ ಪಟ್ಟಿಯಿಂದ ಒಂದು ಒತ್ತಿ ತೆಗೆದು
ಅಂಗೈಯಲ್ಲಿಟ್ಟೆ. ಚೊಂಬಿನಲ್ಲಿ ನೀರು.
ಉಪ್ಪು ತಿಂದವ ನೀರು ಕುಡಿಯಲೇಬೇಕು, ಅಂದೆ.
ಆಗ ನಕ್ಕ. ಎಷ್ಟು ಕಾಲದ ಮೇಲೆ.

ಮದ್ದಿಗೆ ಒಂದು ಗಂಟೆ ಬೇಕಂತೆ.
ಒಂದು ಗಂಟೆ ಇಬ್ಬರೂ ಏನು ಮಾಡುವುದು?
ಬೇಸಗೆಯಲ್ಲಿ ದಕ್ಕೆಯ ಸಿಮೆಂಟು ಕಾಯುತ್ತದಲ್ಲ,
ಅಂತ ಶುರು ಮಾಡಿದ,
ಕಾಲಿಗೆ ತಿಳಿಯುವುದಿಲ್ಲ ಈಗ. ಮೂರು ವರ್ಷವಾಯಿತು.
ಬೋಟಿನಲ್ಲಿ ಯಾರಿಗೂ ಹೇಳಿಲ್ಲ.
ಪಾದ ಎಳೆದು ಮಡಿಲಲ್ಲಿಟ್ಟು ದೀಪಕ್ಕೆ ಹಿಡಿದೆ.
ಹಿಮ್ಮಡಿಯ ಬಳಿ ಮುಳ್ಳು ಚುಚ್ಚಿದ ತೂತು,
ಹಳೆಯದು, ಅಂಚು ಕಪ್ಪಾದದ್ದು.
ಅವನಿಗೆ ಗೊತ್ತೇ ಇರಲಿಲ್ಲ.
ಅದರ ಮೇಲೆ ಬೆರಳಿಟ್ಟುಕೊಂಡೇ ಕೂತೆ.
“ಗಂಟೆ ಆಯಿತಾ?” ಅಂದ.
ಗಡಿಯಾರ ನನ್ನ ಬೆನ್ನ ಹಿಂದಿತ್ತು.

ಮರುದಿನ ಫ್ಲಾವಿಯಾಳಿಗೆ ಒಣ ಬಂಗುಡೆ ಒಯ್ದೆ,
ಹಳೆ ಪೇಪರಿನಲ್ಲಿ ಸುತ್ತಿದ ಕಟ್ಟು.
“ಎಂತ ಅಕ್ಕ, ಹಿಡಿಯಿತಾ?” ಅಂತ ಕೇಳುವ ಹುಡುಗಿಯಲ್ಲ ಅವಳು.
ಗಾಯ ತೊಳೆಯುವ ಮದ್ದು ಕೊಡು, ಅಂದೆ,
ಮತ್ತೆ ಕಾಲು ನೋಡುವ ಡಾಕ್ಟರು ಎಲ್ಲಿ ಕೂರುತ್ತಾರೆ ಹೇಳು.
ಹೆಸರಿನದೋ ಹೆಸರಿಲ್ಲದ್ದೋ,
ಮದ್ದು ನೀನೇ ನೋಡಿ ಕೊಡು.